ಕಬ್ಬಿಣ ಬೇಡುವ ಕತೆ, ಇರುಳೆಲ್ಲ ಕೇಳುವ ಜನ: ಕಠೋರ ನಾದದ ಸೆಳೆತ ಕುರಿತು ಒಂದು ಟಿಪ್ಪಣಿ

ಮಂಟೇಸ್ವಾಮಿ ಕಾವ್ಯದ ಹಲಗೂರಿನ ಸಾಲನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳುವುದು ಸುಲಭವಲ್ಲ. ಗುರು ಮಂಟೇಸ್ವಾಮಿ ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಕೇರಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಕುಲುಮೆಗಳು ಉರಿಯುತ್ತಿರುವ ಊರಿನಲ್ಲಿ ಕಬ್ಬಿಣವೇ ಇಲ್ಲ ಎಂಬ ಉತ್ತರ ಬರುತ್ತದೆ. ಬೇಡಲು ಬಂದವನಿಗೆ ವಿಷ ಉಣಿಸುತ್ತಾರೆ, ಅವನನ್ನು ಬೆಂಕಿಗೆ ಒಡ್ಡುತ್ತಾರೆ. ಪರೀಕ್ಷೆಗಳ ವಿವರವೂ ಕ್ರಮವೂ ಹಾಡುಗಾರರಿಂದ ಹಾಡುಗಾರರಿಗೆ ಬದಲಾಗುತ್ತವೆ. ಆದರೆ ಬೇಗ ಮುಗಿಸಿಬಿಡುವ ಆತುರ ಯಾರಲ್ಲೂ ಕಾಣುವುದಿಲ್ಲ. ತಿ. ನರಸೀಪುರ, ನಂಜನಗೂಡು, ಮಳವಳ್ಳಿ, ಕೊಳ್ಳೇಗಾಲ ಸೀಮೆಯ ಹಳ್ಳಿಗಳಲ್ಲಿ ಹರಕೆ ಹೊತ್ತ ಮನೆಯವರು ಈ ಕಾವ್ಯ ಹಾಡುವ ನೀಲಗಾರರನ್ನು ಕರೆಸಿ ಕತೆ ಮಾಡಿಸುತ್ತಾರೆ. ರಾತ್ರಿ ಊಟ ಮುಗಿದ ಮೇಲೆ ತಂಬೂರಿ ಶ್ರುತಿಗೊಳ್ಳುತ್ತದೆ. ನಡುರಾತ್ರಿಯ ಹೊತ್ತಿಗೆ ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿರುತ್ತಾರೆ. ದೊಡ್ಡವರು ಎದ್ದು ಹೋಗುವುದಿಲ್ಲ.

ಅವರನ್ನು ಅಲ್ಲಿ ಹಿಡಿದು ಕೂರಿಸುವುದು ಯಾವುದು ಎಂಬುದೇ ಈ ಟಿಪ್ಪಣಿಯ ಪ್ರಶ್ನೆ. ಭಕ್ತಿ ಎಂದರೆ ಸುಳ್ಳಲ್ಲ, ಆದರೆ ಅರ್ಧ ಉತ್ತರ. ಭಕ್ತಿಗೆ ಇಂಪಾದ ಹಾಡುಗಳೂ ಈ ಸೀಮೆಯಲ್ಲಿ ಬೇಕಾದಷ್ಟಿವೆ. ಕೊಳೆತ ಮೈ, ಸುಡುವ ಲೋಹ, ಮಗನನ್ನು ಕಳೆದುಕೊಂಡ ತಾಯಿಯ ಗೋಳು ಇವೇ ತುಂಬಿದ ಕತೆಯನ್ನು, ಕಿವಿಗೆ ಬಿಡುವು ಕೊಡದ ನಾದದಲ್ಲಿ, ಗೊತ್ತಿದ್ದೂ ಮತ್ತೆ ಕೇಳಲು ಬರುವುದಕ್ಕೆ ಬೇರೆಯದೇ ಕಾರಣ ಬೇಕು. ಈ ಕಾರಣವನ್ನು ಹುಡುಕುವಾಗ ನನಗೆ ನೆರವಾದದ್ದು ದೂರದ ಒಂದು ಉದಾಹರಣೆ: 1970ರ ದಶಕದ ನಡುವೆ ಇಂಗ್ಲೆಂಡಿನಲ್ಲಿ ಹುಟ್ಟಿದ ಇಂಡಸ್ಟ್ರಿಯಲ್ ಸಂಗೀತ. ಎರಡರ ನಡುವೆ ಚಾರಿತ್ರಿಕ ಸಂಪರ್ಕವಿಲ್ಲ, ಪ್ರಭಾವದ ಮಾತೂ ಇಲ್ಲ. ಕಠೋರ ನಾದ ಕೇಳುಗನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದಷ್ಟನ್ನೇ ಇಲ್ಲಿ ಹೋಲಿಸಿದ್ದೇನೆ.

ಮೊದಲು ನೆಲದ ಸಂಗತಿ. ಈ ಸೀಮೆಯ ಕಲೆಯ ಮಾತು ಬಂದರೆ ಎಲ್ಲರೂ ಸೋಮನಾಥಪುರದ ಹೆಸರು ಹೇಳುತ್ತಾರೆ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಲ್ಲಿತಮ್ಮನಂಥ ಶಿಲ್ಪಿಗಳು ತಮ್ಮ ಹೆಸರನ್ನೂ ಕಲ್ಲಿನಲ್ಲಿ ಬಿಟ್ಟುಹೋಗಿದ್ದಾರೆ. ಮೂರು ಗರ್ಭಗುಡಿಗಳಲ್ಲಿ ಒಂದು ವೇಣುಗೋಪಾಲನದು. ಕೊಳಲಿನ ಇಂಪಿಗೆ ಗೋವುಗಳೂ ಗೋಪಿಯರೂ ಮೈಮರೆತ ಆ ಕಲ್ಪನೆಯೇ ನಮ್ಮ ಶಿಷ್ಟ ಸೌಂದರ್ಯಪ್ರಜ್ಞೆಯ ಗುರುತಾಗಿದೆ. ಅಲ್ಲಿ ನಾದವೆಂದರೆ ಹಿತ, ಹಿತವೆಂದರೆ ಸೆಳೆತ.

ಆದರೆ ಹೊಯ್ಸಳರ ಕಾಲವೇ ಇದಕ್ಕೆ ಎದುರಾದ ಒಂದು ಚಿತ್ರವನ್ನೂ ಕೊಟ್ಟಿದೆ. ಕೇಶವ ದೇವಾಲಯಕ್ಕಿಂತ ಸುಮಾರು ಅರವತ್ತು ವರ್ಷ ಮೊದಲು, 1209ರಲ್ಲಿ, ವೀರಬಲ್ಲಾಳನ ಆಸ್ಥಾನದ ಜನ್ನ ಯಶೋಧರ ಚರಿತೆಯನ್ನು ಬರೆದ. ಅರಸಿ ಅಮೃತಮತಿ ಅರಮನೆಯಲ್ಲಿ ಮಲಗಿರುವಾಗ ಆನೆಲಾಯದ ಕಡೆಯಿಂದ ಮಾವುತನ ಹಾಡು ಕೇಳಿಬರುತ್ತದೆ. ಮೈ ಸೋಲುವುದು ಹಾಡುಗಾರನನ್ನು ಕಾಣುವ ಮುಂಚೆಯೇ. ನೋಡಿಕೊಂಡು ಬರಲು ಹೋದ ಕೆಳದಿ ಆ ಮಾವುತ ಅಷ್ಟಾವಂಕನ ವಿಕಾರವನ್ನು ಹೇಸಿಗೆಯಿಂದ ಬಣ್ಣಿಸಿದರೂ ಅರಸಿಯ ಮನಸ್ಸು ಹಿಂದೆಗೆಯುವುದಿಲ್ಲ. ಕತೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಓದುಗರಿಗೆ ಗೊತ್ತಿದೆ. ಜೈನ ಕವಿಯಾಗಿ ಜನ್ನ ಈ ಸೆಳೆತವನ್ನು ಪಾಪದ ಬಾಗಿಲೆಂದೇ ತೋರಿಸುತ್ತಾನೆ. ನನಗೆ ಮುಖ್ಯವಾದದ್ದು, ಸೆಳೆತ ಇದೆ ಎಂಬುದನ್ನು ಅವನು ಮರೆಮಾಚದೆ ಒಪ್ಪಿಕೊಂಡದ್ದು. ಬೆಳಕಿನಲ್ಲಿ ನೋಡಲಾಗದ್ದನ್ನು ಕತ್ತಲಲ್ಲಿ ಕಿವಿ ಒಪ್ಪಿಕೊಳ್ಳುತ್ತದೆ ಎಂಬ ಅರಿವು ಕನ್ನಡ ಕಾವ್ಯಕ್ಕೆ ಎಂಟು ನೂರು ವರ್ಷಗಳ ಹಿಂದೆಯೇ ಇತ್ತು.

ಕಾವ್ಯಮೀಮಾಂಸೆ ಇದಕ್ಕೆ ಕೊಟ್ಟ ವಿವರಣೆಯೂ ಹಳೆಯದು. ಭರತ ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಬೀಭತ್ಸವೂ ಇವೆ. ಲೋಕದಲ್ಲಿ ಓಡಿಸುವ ಭಾವ ಕಾವ್ಯದಲ್ಲಿ ಹೇಗೆ ಕೂರಿಸುತ್ತದೆ ಎಂಬ ಪ್ರಶ್ನೆಗೆ ಭಟ್ಟನಾಯಕ ಸಾಧಾರಣೀಕರಣದ ಉತ್ತರ ಕೊಟ್ಟ: ಆ ಭಯ ನನ್ನದೂ ಅಲ್ಲ, ಅವನದೂ ಅಲ್ಲ, ಎಲ್ಲರಿಗೂ ಸಲ್ಲುವ ಭಾವವಾಗಿ ನಿಲ್ಲುತ್ತದೆ. ತೀ.ನಂ.ಶ್ರೀ. ಅವರ ಭಾರತೀಯ ಕಾವ್ಯಮೀಮಾಂಸೆ (1953) ಈ ವಾದಗಳನ್ನು ಕನ್ನಡಿಗರಿಗೆ ಸ್ಪಷ್ಟವಾಗಿ ತಿಳಿಸಿತು. ಕತೆಯ ಭಯಕ್ಕೆ ಈ ಉತ್ತರ ಸಾಕು. ನಾದದ ಒರಟಿಗೆ ಸಾಲದು. ಪಾತ್ರವೂ ಕತೆಯೂ ಇಲ್ಲದೆ ಬರೀ ಸದ್ದೇ ಮೈಯನ್ನು ಬಿಗಿಯುವಾಗ, ಅಲ್ಲಿ ಸಾಧಾರಣೀಕರಣಗೊಳ್ಳುವ ವಿಭಾವ ಯಾವುದು? ಈ ಪ್ರಶ್ನೆಗೆ ವಾದ್ಯಗಳ ಹತ್ತಿರವೇ ಹೋಗಬೇಕು.

ನೀಲಗಾರರ ಮುಖ್ಯ ವಾದ್ಯ ತಂಬೂರಿ. ಮುಮ್ಮೇಳದವರು ಒಂದು ಕೈಯಲ್ಲಿ ತಂತಿ ಮೀಟುತ್ತ ಇನ್ನೊಂದು ಕೈಯಲ್ಲಿ ಗಗ್ಗರ ಆಡಿಸುತ್ತಾರೆ. ಹಿಮ್ಮೇಳದಲ್ಲಿ ತಾಳ, ದಮ್ಮಡಿ ಮುಂತಾದವು. ಪಕ್ಕದ ಮಲೆ ಮಾದೇಶ್ವರನ ಪರಂಪರೆಯ ದೇವರಗುಡ್ಡರ ಕೈಯಲ್ಲಿ ಕಂಸಾಳೆ: ಎಡಗೈಯಲ್ಲಿ ಬಟ್ಟಲಿನ ಆಕಾರದ್ದು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಗಗ್ಗರ ಒಳಗೆ ಟೊಳ್ಳಾದ ಲೋಹದ ಬಳೆ, ಒಳಗೆ ಸಣ್ಣ ಗುಂಡುಗಳು. ಅದು ಆಡಿದಾಗ ಹುಟ್ಟುವುದು ಸ್ವರವಲ್ಲ. ನೂರಾರು ಸಣ್ಣ ತಾಕಲಾಟಗಳು ಒಂದರ ಮೇಲೊಂದು ಬಿದ್ದು ಆಗುವ ಮೊರೆತ. ಕಂಚಿನ ತಾಳದ್ದು ಇನ್ನೊಂದು ಬಗೆ. ತಂತಿಯೋ ಕೊಳಲೋ ಆದರೆ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತನದ ಉಪಸ್ವರಗಳು ಹುಟ್ಟಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಆದ್ದರಿಂದ ಕಿವಿ ಅದನ್ನು ಒಂದೇ ಸ್ವರವೆಂದು ಹಿಡಿಯುತ್ತದೆ. ಲೋಹದ ತಟ್ಟೆ ಕಂಪಿಸುವಾಗ ಹುಟ್ಟುವ ಉಪಸ್ವರಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಎರಡು ಉಪಸ್ವರ ತೀರ ಹತ್ತಿರ ಬಂದರೆ ನಡುವೆ ಮಿಡಿತ ಏಳುತ್ತದೆ, ಮಿಡಿತ ವೇಗವಾದರೆ ನಾದ ಒರಟಾಗುತ್ತದೆ. ಕಿವಿ ಒಂದು ನೆಲೆಯನ್ನು ಹುಡುಕುತ್ತಲೇ ಇರುತ್ತದೆ, ನಾದ ಅದನ್ನು ಕೊಡುವುದಿಲ್ಲ.

ಈ ಒರಟಿಗೆ ಮೈ ಸ್ಪಂದಿಸುವುದು ಬರೀ ರೂಢಿಯ ಮಾತಲ್ಲ. ಲುಕ್ ಅರ್ನಾಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಮನುಷ್ಯರ ಚೀತ್ಕಾರದ ನಾದವನ್ನು ವಿಶ್ಲೇಷಿಸಿತು. ಸೆಕೆಂಡಿಗೆ ಸುಮಾರು 30ರಿಂದ 150 ಸಲ ಏರಿಳಿಯುವ ಒರಟುತನ ಚೀತ್ಕಾರದಲ್ಲಿ ಎದ್ದುಕಾಣುತ್ತದೆ, ಸಾಮಾನ್ಯ ಮಾತಿನಲ್ಲಿ ಹಾಗಿಲ್ಲ. ಆ ಒರಟುತನ ಭಯಕ್ಕೆ ಸಂಬಂಧಿಸಿದ ಮಿದುಳಿನ ಅಮಿಗ್ಡಲಾ ಭಾಗವನ್ನು ಚುರುಕುಗೊಳಿಸುತ್ತದೆ. ಹಾಗಿದ್ದರೆ ಇರುಳಿಡೀ ತಾಳ, ಗಗ್ಗರಗಳ ಮೊರೆತದಲ್ಲಿ ಕೂತವರ ಮೈ ಅಷ್ಟೂ ಹೊತ್ತು ಅರ್ಧ ಎಚ್ಚರದ, ಅರ್ಧ ಅಂಜಿಕೆಯ ಸ್ಥಿತಿಯಲ್ಲಿರುವುದು ಸಹಜ. ತಂಬೂರಿಯ ಬಿಡದ ಶ್ರುತಿ ಆ ಅಂಜಿಕೆ ಓಟವಾಗದಂತೆ ಹಿಡಿದಿಡುತ್ತದೆ. ಒರಟು ಮತ್ತು ಆಧಾರ ಎರಡನ್ನೂ ಒಬ್ಬನೇ ಹಾಡುಗಾರ ತನ್ನ ಎರಡು ಕೈಗಳಲ್ಲಿ ನಡೆಸುತ್ತಾನೆ ಎಂಬುದನ್ನು ಈವರೆಗಿನ ಬರಹಗಳು ಸಾಕಷ್ಟು ಗಮನಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ನಮ್ಮ ಜಾನಪದ ಅಧ್ಯಯನ ಪಠ್ಯವನ್ನು ಪ್ರೀತಿಯಿಂದ ಕಾಪಾಡಿತು. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ, ಹಿ.ಚಿ. ಬೋರಲಿಂಗಯ್ಯ ಅವರ ದುಡಿಮೆ ಇಲ್ಲದಿದ್ದರೆ ಈ ಟಿಪ್ಪಣಿಗೆ ಕಾಲೂರಲು ನೆಲವೇ ಇರುತ್ತಿರಲಿಲ್ಲ. ನಾದ ಮಾತ್ರ ಪಠ್ಯದ ಅಂಚಿನಲ್ಲೇ ಉಳಿದುಬಿಟ್ಟಿತು.

ಇನ್ನು ಕಬ್ಬಿಣದ ಮಾತು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಅದು ಭಾರತದ ದೂರದ ಪ್ರದೇಶಗಳಿಗೆ ಹೋಗುತ್ತಿದ್ದುದನ್ನೂ ದಾಖಲಿಸಿದ್ದಾನೆ. ಮಳವಳ್ಳಿ ತಾಲ್ಲೂಕಿನ ಹಲಗೂರಿಗೂ ಚನ್ನಪಟ್ಟಣಕ್ಕೂ ನಡುವೆ ಹೆಚ್ಚು ದೂರವಿಲ್ಲ. ಕುಲುಮೆಯ ಬೆಂಕಿಯನ್ನು ನರಕದಂತೆ ಹಾಡುವ ವಾದ್ಯದ ತಂತಿ ಕುಲುಮೆಯಿಂದಲೇ ಬರಬೇಕು. ಗಗ್ಗರವೂ ತಾಳವೂ ಲೋಹದ ಕೆಲಸದವರ ಕೈಯಿಂದಲೇ ಬರಬೇಕು. ಆದ್ದರಿಂದ ಹಲಗೂರಿನ ಸಾಲನ್ನು ಪಾಂಚಾಳರ ವಿರುದ್ಧದ ಕತೆ ಎಂದು ಓದುವುದು ಅವಸರದ ಓದು. ಸಿದ್ದಪ್ಪಾಜಿಯ ಪೂರ್ವಾಶ್ರಮದ ಹೆಸರು ಕೆಂಪಾಚಾರಿ. ನಿಡುಘಟ್ಟದ ಬಾಚಿ ಬಸವಯ್ಯ, ಮುದ್ದಮ್ಮರ ಮಗ, ಆಚಾರಿ ಮನೆಯ ಹುಡುಗ. ತನ್ನ ಕುಲದವರ ಬಾಗಿಲಲ್ಲೇ ನಿಂತು ಕುಲದ ಸೊತ್ತನ್ನು ಗುರುವಿಗಾಗಿ ಬೇಡುವವನಿಗೆ ಅಲ್ಲಿ ಸಿಗುವ ಹಿಂಸೆ ಹೊರಗಿನವರ ಹಿಂಸೆಗಿಂತ ಆಳವಾದದ್ದು. ಹಾಡುಗಾರರು ಆ ಭಾಗದಲ್ಲಿ ದನಿ ಏರಿಸುವ ಬದಲು ಒಮ್ಮೊಮ್ಮೆ ತಗ್ಗಿಸುವುದು ಇದನ್ನು ಬಲ್ಲವರಾದ್ದರಿಂದ.

ಯಂತ್ರಯುಗವೂ ಈ ಸೀಮೆಗೆ ತಡವಾಗಿ ಬಂದದ್ದಲ್ಲ. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದು ಆ ಕಾಲಕ್ಕೆ ಅಚ್ಚರಿಯ ದೂರ. ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರು ಇರುವುದೂ ಅದೇ ಕೊಳ್ಳೇಗಾಲದ ಸೀಮೆಯಲ್ಲಿ. ತಿ. ನರಸೀಪುರದಲ್ಲಿ ರೇಷ್ಮೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ, ನಂಜನಗೂಡಿನಲ್ಲಿ ಕಾಗದ, ಸಕ್ಕರೆ, ಆಹಾರ ಪದಾರ್ಥಗಳ ಕಾರ್ಖಾನೆಗಳು. ಪಾಳಿಯ ಕೆಲಸ ಮುಗಿಸಿ ಬಂದವರೂ ಇರುಳಿನ ಕತೆಗೆ ಕೂರುತ್ತಾರೆ.

ಈಗ ಇಂಗ್ಲೆಂಡಿನ ಕಡೆಗೆ. 1975-76ರಲ್ಲಿ ಲಂಡನ್ನಿನಲ್ಲಿ ಜೆನೆಸಿಸ್ ಪಿ-ಆರಿಜ್, ಕೋಸಿ ಫಾನಿ ಟುಟ್ಟಿ, ಕ್ರಿಸ್ ಕಾರ್ಟರ್, ಪೀಟರ್ ಕ್ರಿಸ್ಟಫರ್‌ಸನ್ ಎಂಬ ನಾಲ್ವರು ಥ್ರಾಬಿಂಗ್ ಗ್ರಿಸ್ಲ್ ಎಂಬ ತಂಡ ಕಟ್ಟಿ, ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ತಮ್ಮದೇ ಧ್ವನಿಮುದ್ರಣ ಸಂಸ್ಥೆ ಆರಂಭಿಸಿದರು. ಆ ಬಗೆಯ ಸಂಗೀತಕ್ಕೆ ಹೆಸರು ಬಂದದ್ದು ಈ ಸಂಸ್ಥೆಯಿಂದಲೇ. ಹ್ಯಾಕ್ನಿಯ ಮಾರ್ಟೆಲ್ಲೊ ರಸ್ತೆಯಲ್ಲಿದ್ದ ತಮ್ಮ ಕೆಲಸದ ಜಾಗವನ್ನು ಅವರು ಸಾವಿನ ಕಾರ್ಖಾನೆ ಎಂದು ಕರೆಯುತ್ತಿದ್ದರು. ಕಾರ್ಟರ್ ಸ್ವತಃ ಜೋಡಿಸಿದ ಎಲೆಕ್ಟ್ರಾನಿಕ್ ಸಲಕರಣೆ, ಟೇಪಿನ ತುಣುಕುಗಳು, ಪಳಗಿಸದ ಗಿಟಾರು ಇವೇ ವಾದ್ಯಗಳು. ಶೆಫೀಲ್ಡಿನಲ್ಲಿ ಕ್ಯಾಬರೆ ವಾಲ್ಟೇರ್ ತಂಡ 1973ರಿಂದಲೇ ಟೇಪುಗಳೊಂದಿಗೆ ಪ್ರಯೋಗ ನಡೆಸಿತ್ತು. ಅದು ಉಕ್ಕಿನ ಊರು. ರಾತ್ರಿ ಹೊತ್ತು ಕಾರ್ಖಾನೆಗಳ ಭಾರಿ ಸುತ್ತಿಗೆಗಳ ಬಡಿತ ಮನೆಗಳವರೆಗೂ ಕೇಳುತ್ತಿತ್ತೆಂದು ಅಲ್ಲಿ ಬೆಳೆದ ಸಂಗೀತಗಾರರು ನೆನೆಯುತ್ತಾರೆ. 1980ರಲ್ಲಿ ಪಶ್ಚಿಮ ಬರ್ಲಿನ್ನಿನ ಐನ್‌ಷ್ಟುರ್ಟ್ಸೆಂಡೆ ನೊಯ್‌ಬೌಟನ್ ತಂಡ ತಗಡು, ಕೊರೆಯುವ ಯಂತ್ರಗಳನ್ನೇ ವೇದಿಕೆಗೆ ತಂದಿತು. ಇಟಲಿಯ ಲುಯಿಜಿ ರುಸ್ಸೊಲೊ 1913ರಲ್ಲೇ ಯಂತ್ರದ ಗದ್ದಲವನ್ನು ಸಂಗೀತವೆಂದು ಸಾರಿದ್ದ. ಆದರೆ ಅವನದು ಯಂತ್ರದ ಆರಾಧನೆ. ಈ ಹುಡುಗರದು ಯಂತ್ರ ತಣ್ಣಗಾಗುತ್ತಿದ್ದ ಕಾಲದ ದುಗುಡ. ಕಾರ್ಖಾನೆಗಳು ಮುಚ್ಚುತ್ತಿದ್ದವು, ದುಡಿಮೆಯ ಸದ್ದು ಹೋಗಿ ಅದರ ಪ್ರತಿಧ್ವನಿ ಉಳಿಯುತ್ತಿತ್ತು.

ಥ್ರಾಬಿಂಗ್ ಗ್ರಿಸ್ಲ್ 1978ರಲ್ಲಿ ಹೊರತಂದ ಡಿ.ಓ.ಎ. ಎಂಬ ಧ್ವನಿಮುದ್ರಿಕೆಯಲ್ಲಿ ಹ್ಯಾಂಬರ್ಗರ್ ಲೇಡಿ ಎಂಬ ಕೃತಿಯಿದೆ. ಮೈ ಬಹುಪಾಲು ಸುಟ್ಟು ಆಸ್ಪತ್ರೆಯಲ್ಲಿ ಬದುಕುಳಿದ ಹೆಂಗಸೊಬ್ಬಳ ಆರೈಕೆಯ ಬಗ್ಗೆ ಬಂದ ಕಾಗದವೊಂದು ಅದಕ್ಕೆ ಆಧಾರ. ತಗ್ಗಿನಲ್ಲಿ ಒಂದು ಮೊರೆತ ಬಿಡದೆ ಸಾಗುತ್ತದೆ, ಮೇಲೆ ಏರಿಳಿಯುವ ಯಂತ್ರದ ನರಳಾಟ. ನಡುವೆ ಯಾವ ಉದ್ವೇಗವೂ ಇಲ್ಲದ ದನಿಯೊಂದು ಆ ವಿವರಗಳನ್ನು ಓದುತ್ತದೆ. ಅಳು ಇಲ್ಲ, ಕಿರುಚಾಟವಿಲ್ಲ. ಕೇಳುಗರು ಇದನ್ನು ಮರೆಯದಿರುವುದು ಆ ದನಿಯ ಸಮಸ್ಥಿತಿಯಿಂದ ಎಂದೇ ನನ್ನ ಎಣಿಕೆ. ನಾದ ಹೆದರಿಸುತ್ತದೆ, ದನಿ ಹೆದರಿಲ್ಲ. ಕೇಳುಗ ಎರಡರ ನಡುವೆ ನಿಲ್ಲಬೇಕಾಗುತ್ತದೆ.

ಇದನ್ನು ಮಂಟೇಸ್ವಾಮಿ ಕಾವ್ಯದ ಕಲ್ಯಾಣ ಪಟ್ಟಣದ ಸಾಲಿನ ಪಕ್ಕದಲ್ಲಿಟ್ಟು ನೋಡಬೇಕು. ಕಲ್ಯಾಣದ ಬಾಗಿಲಿಗೆ ಮಂಟೇಸ್ವಾಮಿ ಬರುವುದು ಕುಷ್ಠ ತುಂಬಿದ ಮೈಯ, ಹೊಲಸು ನಾರುವ, ಯಾರೂ ಮುಟ್ಟದವನ ರೂಪದಲ್ಲಿ. ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಮೂಗು ಮುಚ್ಚಿಕೊಳ್ಳುತ್ತಾರೆ. ಆತ ತಿಪ್ಪೆಯಲ್ಲಿ ಮಲಗುತ್ತಾನೆ. ಹುಡುಕಿಕೊಂಡು ಬಂದ ಬಸವಣ್ಣ, ನೀಲಮ್ಮ ಎತ್ತಲು ಹೋದರೆ ಅಂಗಗಳೇ ಕಳಚಿ ಬರುತ್ತವೆ. ಅವರು ಹಿಂದೆಗೆಯುವುದಿಲ್ಲ. ಕತೆಯ ಒಳಗಿನ ಪರೀಕ್ಷೆ ಸ್ಪಷ್ಟವಾಗಿದೆ: ಅಸಹ್ಯದೆದುರು ಉಳಿಯಬಲ್ಲವರಿಗೆ ಮಾತ್ರ ಗುರುತು ಸಿಗುತ್ತದೆ. ಈ ಸಾಲನ್ನು ಹಾಡುವಾಗಲೂ ನೀಲಗಾರನ ದನಿ ಮಾತಿಗೂ ಹಾಡಿಗೂ ನಡುವಿನ ಸಮಗತಿಯಲ್ಲಿ ಹೋಗುತ್ತದೆ. ಕೊಳೆತದ ವಿವರ ಬಂದಾಗ ಅವನು ಅವಸರಪಡುವುದಿಲ್ಲ, ಬೆಚ್ಚಿದಂತೆ ನಟಿಸುವುದಿಲ್ಲ. ಗಗ್ಗರ ಮೊರೆಯುತ್ತಲೇ ಇರುತ್ತದೆ.

ನನ್ನ ವಾದ ಇರುವುದು ಇಲ್ಲಿ. ಜಂಗಮರಿಗೆ ಕತೆ ಒಡ್ಡುವ ಪರೀಕ್ಷೆಯನ್ನೇ ನಾದ ಕೇಳುಗನಿಗೆ ಒಡ್ಡುತ್ತದೆ. ಮೂಗು ಮುಚ್ಚಿಕೊಂಡು ಹೋದವರ ಸಾಲಿಗೆ ಸೇರುವೆಯೋ, ತಿಪ್ಪೆಯ ಬಳಿ ನಿಂತವರ ಜೊತೆ ನಿಲ್ಲುವೆಯೋ ಎಂಬ ಆಯ್ಕೆಯನ್ನು ಕೇಳುಗ ತನ್ನ ಮೈಯಲ್ಲೇ ಮಾಡಬೇಕು, ಮತ್ತು ಅದನ್ನು ಗಳಿಗೆ ಗಳಿಗೆಗೂ ಮಾಡಬೇಕು. ಕಠೋರ ನಾದದ ಸೆಳೆತವೆಂದರೆ ಭಯದ ರುಚಿಯಲ್ಲ. ತಾನು ಎದ್ದು ಹೋಗಲಿಲ್ಲ ಎಂಬುದನ್ನು ತಾನೇ ಕಂಡುಕೊಳ್ಳುವುದು ಅದು. ಇಂಪಾದ ಹಾಡು ಈ ಅರಿವನ್ನು ಕೊಡಲಾರದು, ಏಕೆಂದರೆ ಅಲ್ಲಿ ಉಳಿಯುವುದಕ್ಕೆ ಏನೂ ಖರ್ಚಾಗುವುದಿಲ್ಲ. ಕತೆ ಮೊದಲೇ ಗೊತ್ತಿರುವವರು ಮತ್ತೆ ಮತ್ತೆ ಬರುವುದೂ ಹೀಗೆ ನೋಡಿದಾಗ ಅರ್ಥವಾಗುತ್ತದೆ. ಗೊತ್ತಿರುವುದು ಕತೆ. ಈ ರಾತ್ರಿ ತಾನು ಉಳಿಯುತ್ತೇನೆಯೇ ಎಂಬುದು ಪ್ರತಿಸಲವೂ ಹೊಸ ಪ್ರಶ್ನೆ.

ಹಾಗೆ ನೋಡಿದರೆ ಕಾಲದ ಅಳತೆ ಇಲ್ಲಿ ಅಲಂಕಾರವಲ್ಲ, ಮೂಲಸಾಮಗ್ರಿ. ಕೆಂಪಾಚಾರಿಯನ್ನು ಗುರು ಹನ್ನೆರಡು ವರ್ಷ ಗವಿಯಲ್ಲಿ ಇರಿಸುವ ಭಾಗವನ್ನು ಹತ್ತು ನಿಮಿಷಕ್ಕೆ ಇಳಿಸಿ ಹಾಡಿದರೆ ಸಂಗತಿ ತಿಳಿಯುತ್ತದೆ, ಗವಿ ತಿಳಿಯುವುದಿಲ್ಲ. ಅದೇ ಸೊಲ್ಲು ಮರಳಿ ಮರಳಿ ಬರಬೇಕು, ಹಿಮ್ಮೇಳ ಅದೇ ಉತ್ತರ ಕೊಡಬೇಕು, ಕೇಳುಗನಿಗೆ ಬೇಸರವೂ ಬರಬೇಕು. ನಡುರಾತ್ರಿ ಕಳೆದ ಮೇಲಿನ ಆ ಬೇಸರದ ಆಚೆ ಇನ್ನೊಂದು ಬಗೆಯ ಗಮನವಿದೆ. ಅಲ್ಲಿ ಮುದ್ದಮ್ಮನ ಅಳಲು ಬಂದಾಗ ಅದು ಕಿವಿಯಿಂದ ಒಳಗೆ ಹೋದಂತೆ ಅನ್ನಿಸುವುದಿಲ್ಲ, ಆಗಲೇ ಒಳಗೇ ಇತ್ತು ಅನ್ನಿಸುತ್ತದೆ. ಆರಂಭದ ಇಂಡಸ್ಟ್ರಿಯಲ್ ತಂಡಗಳೂ ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮುರಿದು ಉದ್ದಕ್ಕೆ ಹೋದದ್ದು ಇದೇ ಅನುಭವದ ಹುಡುಕಾಟದಲ್ಲಿ ಎಂದು ನಂಬಲು ಕಾರಣವಿದೆ.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ವ್ಯತ್ಯಾಸ ಸಣ್ಣದಲ್ಲ. ನೀಲಗಾರನಿಗೆ ದೀಕ್ಷೆಯಿದೆ. ಬನದ ಹುಣ್ಣಿಮೆಗೆ ನಡೆಯುವ ಚಿಕ್ಕಲ್ಲೂರು ಜಾತ್ರೆಯಲ್ಲಿ ಮೊದಲ ರಾತ್ರಿ ಬಿದಿರು, ಬಟ್ಟೆಗಳ ಚಂದ್ರಮಂಡಲಕ್ಕೆ ಬೆಂಕಿ ಹೊತ್ತಿಸುತ್ತಾರೆ. ಜ್ವಾಲೆ ವಾಲಿದ ದಿಕ್ಕನ್ನು ನೋಡಿ ಆ ಕಡೆಯ ಸೀಮೆಗೆ ಮಳೆ ಬೆಳೆ ಎಂದು ಒಕ್ಕಲಿನವರು ಎಣಿಸುತ್ತಾರೆ. ಹಣೆಗೆ ಹಚ್ಚುವ ಧೂಳ್ತವೂ ಕಪ್ಪು. ಪಂಕ್ತಿಸೇವೆಯಲ್ಲಿ ಜಾತಿಯ ಎಲ್ಲೆ ಮೀರಿ ಜನ ಒಟ್ಟಿಗೆ ಉಣ್ಣುತ್ತಾರೆ. ಕತ್ತಲು, ಬೆಂಕಿ, ಕಬ್ಬಿಣ, ಕೊಳೆ ಇವೆಲ್ಲ ಇಲ್ಲಿ ಒಂದು ಒಕ್ಕಲುತನದ ಒಳಗೆ ಬರುತ್ತವೆ. ಇರುಳಿನ ಕೊನೆಗೆ ಮಂಗಳವಿದೆ, ಬೆಳಿಗ್ಗೆ ಮನೆಯವರು ಹಾಡುಗಾರರ ಜೋಳಿಗೆ ತುಂಬಿಸಿ ಕಳಿಸಿಕೊಡುತ್ತಾರೆ. ಲಂಡನ್ನಿನ ಕೇಳುಗನಿಗೆ ಈ ಯಾವುದೂ ಇಲ್ಲ. ಅವನು ಉಳಿದರೂ ಅವನಿಗೆ ಗುರುತು ಸಿಗುವುದಿಲ್ಲ, ಅವನನ್ನು ಗುರುತಿಸುವವರೂ ಇಲ್ಲ. ಪರೀಕ್ಷೆ ಇದೆ, ಪ್ರಸಾದವಿಲ್ಲ. ಆ ಸಂಗೀತದಲ್ಲಿ ಉಳಿಯುವ ತಣ್ಣನೆಯ ಒಂಟಿತನಕ್ಕೆ ಇದೇ ಕಾರಣ. ಅದು ಅಪ್ರಾಮಾಣಿಕವಲ್ಲ, ತನ್ನ ಸಮಾಜದಲ್ಲಿ ಇಲ್ಲದ್ದನ್ನು ಇದೆ ಎಂದು ಅದು ಹೇಳಲಿಲ್ಲ.

ಅಪ್ರಾಮಾಣಿಕತೆ ಇದ್ದದ್ದು ಬೇರೆ ಕಡೆ. ಇಂಡಸ್ಟ್ರಿಯಲ್ ರೆಕಾರ್ಡ್ಸ್ ತನ್ನ ಲಾಂಛನಕ್ಕೆ ಬಳಸಿದ್ದು ಆಷ್‌ವಿಟ್ಸ್ ಯಾತನಾಶಿಬಿರದ ಚಿತ್ರವನ್ನು. ನೋಡುಗರನ್ನು ಕದಲಿಸುವುದು ಉದ್ದೇಶವಿದ್ದೀತು. ಆದರೆ ಆ ಸಾವು ಅವರದಾಗಿರಲಿಲ್ಲ. ಸತ್ತವರ ಕಡೆಯಿಂದ ಮಾತಾಡುವ ಹಕ್ಕನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಕಠೋರ ಕಲೆಯ ನೈತಿಕತೆಯನ್ನು ಅಳೆಯುವಾಗ ನಾನು ಕೇಳುವ ಪ್ರಶ್ನೆ ಒಂದೇ: ಯಾರ ನೋವು, ಯಾರ ಬಾಯಿ? ನೀಲಗಾರರಲ್ಲಿ ದಲಿತರೂ ಹಿಂದುಳಿದ ಸಮುದಾಯಗಳವರೂ ಹೆಚ್ಚು. ಮುಟ್ಟದವನ ರೂಪದಲ್ಲಿ ಬಂದ ಗುರುವನ್ನು, ಮುಟ್ಟಿಸಿಕೊಳ್ಳದೆ ಬದುಕಿದವರ ಮಕ್ಕಳು ಹಾಡುತ್ತಾರೆ. ಅಲ್ಲಿ ನೋವಿಗೂ ಬಾಯಿಗೂ ನಡುವೆ ಅಂತರವಿಲ್ಲ. ಇಂಗ್ಲೆಂಡಿನಲ್ಲೇ ಈ ಅಳತೆಗೆ ನಿಲ್ಲುವ ಉದಾಹರಣೆಯೂ ಇದೆ. ಕಬ್ಬಿಣದ ಚೂರುಗಳನ್ನು ಬಡಿದು ನುಡಿಸುತ್ತಿದ್ದ ಟೆಸ್ಟ್ ಡಿಪಾರ್ಟ್‌ಮೆಂಟ್ ತಂಡ 1984-85ರ ಗಣಿ ಮುಷ್ಕರದ ಕಾಲದಲ್ಲಿ ದಕ್ಷಿಣ ವೇಲ್ಸ್‌ನ ಮುಷ್ಕರನಿರತ ಗಣಿಕಾರ್ಮಿಕರ ಗಾಯನ ತಂಡದೊಂದಿಗೆ ಸೇರಿ ಒಂದು ಧ್ವನಿಮುದ್ರಿಕೆ ಹೊರತಂದಿತು. ಯಂತ್ರದ ಸದ್ದು ಅಲ್ಲಿ ಯಂತ್ರದ ಮುಂದೆ ದುಡಿದವರ ಪಕ್ಕಕ್ಕೆ ಬಂದು ನಿಂತಿತು.

ಹಾಡಿನಲ್ಲಿ ಕಂಡ ಈ ಚೀರದ ದನಿ ಬರಹದಲ್ಲೂ ಇದೆ. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಬರೆದ ಕುಸುಮಬಾಲೆ (1984) ಇದೇ ಸೀಮೆಯ ಇರುಳು ಕತೆಗಾರಿಕೆಯನ್ನು ಗದ್ಯದಲ್ಲಿ ಹಿಡಿದ ಕೃತಿ ಎಂಬುದು ಹಲವರು ಗುರುತಿಸಿದ ಸಂಗತಿ. ಕೊಲೆಯೊಂದು ಆ ಕತೆಯ ನಡುವಿನಲ್ಲಿದೆ. ಅದನ್ನು ಹೇಳುವ ದನಿ ಎಲ್ಲೂ ಚೀರುವುದಿಲ್ಲ. ದೀಪದ ಜೋತಮ್ಮಗಳು ಕೂಡಿ ತಮ್ಮ ತಮ್ಮ ಮನೆಯ ಸುದ್ದಿ ಆಡಿಕೊಳ್ಳುವಷ್ಟು ಸಹಜವಾಗಿ ಭಯಂಕರವೂ ಬಂದುಹೋಗುತ್ತದೆ. ಮೊದಲ ಓದಿಗೆ ಆ ಭಾಷೆ ಬಿಗಿ ಎನ್ನಿಸಿದವರು ಅದನ್ನು ದನಿ ಎತ್ತಿ ಓದಿ ನೋಡಬೇಕು.

ಈ ವಾದದಿಂದ ಒಂದು ಕೆಲಸದ ಮಾತೂ ಹೊರಡುತ್ತದೆ. 1980ರ ದಶಕದಿಂದೀಚೆಗೆ ಮಂಟೇಸ್ವಾಮಿ, ಮಾದೇಶ್ವರರ ಕತೆಗಳು ಕ್ಯಾಸೆಟ್ಟು, ಸಿ.ಡಿ.ಗಳಲ್ಲಿ ಮನೆಮನೆಗೆ ಹೋದವು. ಮಳವಳ್ಳಿ ಮಹದೇವಸ್ವಾಮಿ ಅವರಂಥ ಹಾಡುಗಾರರ ದನಿ ಬಸ್ಸಿನಲ್ಲೂ ಟೀ ಅಂಗಡಿಯಲ್ಲೂ ಕೇಳುವಂತಾಯಿತು. ಅದು ದೊಡ್ಡ ಉಪಕಾರ. ಆದರೆ ಮುದ್ರಣದ ರೂಢಿ ನಾದವನ್ನು ತೊಳೆಯುತ್ತ ಬಂದಿದೆ. ಸ್ಟುಡಿಯೋದಲ್ಲಿ ಗಗ್ಗರ ಹಿಂದಕ್ಕೆ ಸರಿಯುತ್ತದೆ, ಕೀಬೋರ್ಡ್, ರಿದಮ್ ಪ್ಯಾಡ್ ಮುಂದೆ ಬರುತ್ತವೆ, ಮರಳುವ ಸೊಲ್ಲುಗಳನ್ನು ಕತ್ತರಿಸುತ್ತಾರೆ. ಸಂಶೋಧಕರು ಮಾಡುವ ದಾಖಲಾತಿಯಲ್ಲೂ ಇದೇ ಆಗುತ್ತದೆ: ಮಾತು ಸ್ಪಷ್ಟವಾಗಿ ಕೇಳಲೆಂದು ಮೈಕನ್ನು ಹಾಡುಗಾರನ ಬಾಯಿಗೆ ಹಿಡಿಯುತ್ತೇವೆ, ಲೋಹದ ಮೊರೆತವನ್ನು ಗದ್ದಲವೆಂದು ತಗ್ಗಿಸುತ್ತೇವೆ. ಪಠ್ಯಕ್ಕೆ ಅದು ಅನುಕೂಲ. ಆದರೆ ಮೊರೆತ ಹೋದ ಹಲಗೂರಿನ ಸಾಲಿನಲ್ಲಿ ಕುಲುಮೆಯ ಸುದ್ದಿ ಮಾತ್ರ ಉಳಿಯುತ್ತದೆ, ಬಿಸಿ ಉಳಿಯುವುದಿಲ್ಲ. ಊರಿನ ಮೈಕ್ ಸೆಟ್ಟಿನ ಹಾರ್ನಿನಲ್ಲಿ ತಗ್ಗು ಸ್ವರಗಳು ಕಳಚಿಹೋಗಿ, ನಡುವಿನ ಸ್ವರಗಳು ಸೀಳಿ ಕೇಳುವುದನ್ನು ನಾವು ದೋಷವೆಂದು ಬಿಟ್ಟುಬಿಡುತ್ತೇವೆ. ಕೇಳುಗರಲ್ಲಿ ಎರಡು ತಲೆಮಾರು ಆ ಸೀಳುದನಿಯಲ್ಲೇ ಸಿದ್ದಪ್ಪಾಜಿಯನ್ನು ಅರಿತಿದೆ. ಅವರ ಕೇಳ್ಮೆಯ ಚರಿತ್ರೆಯಲ್ಲಿ ಅದಕ್ಕೂ ಜಾಗ ಬೇಕು.

ಆದ್ದರಿಂದ ಮುಂದಿನ ದಾಖಲಾತಿಗೆ ನನ್ನ ಸಲಹೆ ಹೀಗಿದೆ. ಒಂದು ಮೈಕ್ ದನಿಗೆ, ಒಂದು ಗಗ್ಗರದ ಕೈಗೆ, ಒಂದು ಜನ ಕೂತಿರುವ ಚಾಪೆಯ ಅಂಚಿಗೆ ಇರಲಿ, ಮೂರನ್ನೂ ಬೇರೆ ಬೇರೆಯಾಗಿ ಉಳಿಸಿಕೊಳ್ಳಬೇಕು. ಸ್ಟುಡಿಯೋಗೆ ಕರೆಸದೆ ಹರಕೆಯ ಮನೆಯಲ್ಲೇ, ಮನೆಯವರ ಮತ್ತು ಹಾಡುಗಾರರ ಒಪ್ಪಿಗೆ ಪಡೆದು, ಶ್ರುತಿ ಮಾಡುವುದರಿಂದ ಜೋಳಿಗೆ ತುಂಬುವವರೆಗೆ ನಡುವೆ ನಿಲ್ಲಿಸದೆ ಮುದ್ರಿಸಬೇಕು. ಸೊಲ್ಲು ಮರಳಿದ ಕಡೆ ಲಿಪಿಕಾರರು ಪುನರಾವರ್ತನೆ ಎಂದು ಬರೆದು ಬಿಡದೆ ಪ್ರತಿಸಲದ ವ್ಯತ್ಯಾಸವನ್ನೂ ಗುರುತಿಸಬೇಕು. ಹಾಡುಗಾರ ನೀರು ಕುಡಿಯಲು ನಿಲ್ಲಿಸಿದಾಗ, ಹಿಮ್ಮೇಳದವರು ಎಲೆ ಅಡಿಕೆ ಹಾಕಿಕೊಳ್ಳುವಾಗ ಕೂತ ಜನ ಏನು ಮಾತಾಡಿಕೊಂಡರು, ಯಾರು ಎದ್ದು ಹೋದರು, ಯಾರು ಮರಳಿ ಬಂದು ಕೂತರು ಎಂಬುದನ್ನು ಗಂಟೆಯ ಗುರುತಿನೊಂದಿಗೆ ಬರೆದಿಟ್ಟುಕೊಳ್ಳುವವರು ತಂಡದಲ್ಲಿ ಒಬ್ಬರಾದರೂ ಇರಬೇಕು.